ಹೆಸರು ಕೂಗುವ ಕೆಲಸ

ದಸರೆ ಹತ್ತಿರ ಬಂತೆಂದರೆ ನಮ್ಮ ಕಡೆ ಮನೆಯ ಬಟ್ಟೆಯೆಲ್ಲ ಒಮ್ಮೆ ನೀರು ಕಾಣಲೇಬೇಕು. ಹಾಸುವುದು, ಹೊದೆಯುವುದು, ವರ್ಷವಿಡೀ ಅಟ್ಟದ ಮೇಲೆ ಸುಮ್ಮನೆ ಮಲಗಿದ್ದದ್ದು, ಯಾವುದಕ್ಕೂ ಬಿಡುಗಡೆ ಇಲ್ಲ. ಅವತ್ತು ನಾನು ಊರ ಮಗ್ಗುಲಿನ ಕಾಲುವೆಯಲ್ಲಿ ಮೊಣಕಾಲುಮಟ ನಿಂತು ಅತ್ತೆಯವರ ಕೌದಿಯನ್ನು ಕಲ್ಲಿನ ಮೇಲೆ ಹಾಕಿಕೊಂಡು ತುಳಿಯುತ್ತಿದ್ದೆ. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಒಣಗಿದ್ದಾಗ ಹೂವು, ತೊಯ್ದಿತೆಂದರೆ ಎಮ್ಮೆಯ ಕರು. ಅದನ್ನು ಹಿಂಡಲು ಇಬ್ಬರು ಬೇಕು. ನಾನು ಒಬ್ಬಳೇ ಇದ್ದೆ.

ಹೊಲದ ಕಡೆಯಿಂದ ಮನೆಯವರು ಬಂದರು. ಮೊಬೈಲನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡಿದ್ದರು, ಇಳಿಸಿದರೆ ಒಳಗಿನ ಸುದ್ದಿ ಚೆಲ್ಲಿಹೋಗುತ್ತದೆ ಎಂಬಂತೆ.

“ಕಂಪನಿಯವರು ಕರದಾರ,” ಅಂದರು.

“ಯಾರ್ನ?”

“ನಿನ್ನ. ಒಂದ ವರ್ಷ ಅಪ್ರೆಂಟಿಸ್ ಅಂತ. ಸೋಮವಾರದಿಂದ ಬಾ ಅಂದಾರ.”

ನಾನು ಎರಡೂ ಕೈ ಎತ್ತಿ ದೇವರಿಗೆ ಮುಗಿದೆ. ಕೈ ಮುಗಿಯಬೇಕಾದರೆ ಕೌದಿಯನ್ನು ಬಿಡಬೇಕಾಗುತ್ತದೆ ಎಂಬುದು ಹೊಳೆಯಲಿಲ್ಲ. ಅತ್ತೆಯವರ ಕೌದಿ ಕಾಲುವೆಯ ನೀರಿನಲ್ಲಿ ಬೆನ್ನು ತೋರಿಸುತ್ತ ಹೊರಟಿತು. ಇಬ್ಬರೂ ದಂಡೆಯ ಮೇಲೆ ಓಡಿದೆವು. ಕೆಳಗಿನ ಸೇತುವೆಯ ಹತ್ತಿರ ಎಮ್ಮೆ ಮೈ ತೊಳೆಯುತ್ತಿದ್ದ ಯಾರೋ ಪುಣ್ಯಾತ್ಮ ಅದನ್ನು ಹಿಡಿದು ನಿಲ್ಲಿಸಿದ್ದ. ದೇವರು ನನ್ನ ಪಾಲಿಗೆ ಯಾವತ್ತೂ ದೊಡ್ಡ ದೊಡ್ಡ ವರ ಕೊಟ್ಟವನಲ್ಲ. ಇಂಥ ಚಿಲ್ಲರೆ ಉಪಕಾರಗಳನ್ನು ಮಾತ್ರ ತಪ್ಪದೇ ಮಾಡುತ್ತ ಬಂದಿದ್ದಾನೆ.

ಮೂವತ್ತಾರು ದಾಟಿದ ಹೆಂಗಸು ವಿದ್ಯಾರ್ಥಿನಿ ಆದದ್ದು ಹೇಗೆ ಎಂದು ಕೇಳಿದರೆ, ಅದು ನನ್ನ ಹಟವಲ್ಲ, ಬಸ್ಸಿನ ಮಹಿಮೆ. ನಮ್ಮ ಭಾವನವರ ಮಗಳು ರಾಯಬಾಗದಲ್ಲಿ ಐಟಿಐ ಸೇರುತ್ತೇನೆಂದಳು, ಕಂಪ್ಯೂಟರ್ ಆಪರೇಟರ್ ಕೋರ್ಸು. ಒಬ್ಬಳೇ ಬಸ್ಸಿನಲ್ಲಿ ಕಳಿಸಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಜೊತೆಗೆ ಹೋಗಲು ನನ್ನನ್ನು ಗೊತ್ತು ಮಾಡಿದರು. ಪ್ರವೇಶದ ದಿನ ಅಲ್ಲಿಯ ಗುರುಗಳು, ಹೆಂಗಸರ ಸೀಟು ಖಾಲಿ ಇವೆ, ನೀವೂ ಎಸ್ಸೆಸ್ಸೆಲ್ಸಿ ಪಾಸಾಗಿದ್ದೀರಲ್ಲ, ಹೊರಗೆ ಕಟ್ಟೆಯ ಮೇಲೆ ಕೂಡುವುದರ ಬದಲು ಒಳಗೇ ಕೂಡಿರಿ ಎಂದರು. ಕೂತೆ. ದೀಪಾವಳಿ ಆದ ಮೇಲೆ ಹುಡುಗಿಗೆ ಅಥಣಿಯ ಕಡೆಯ ವರ ಬಂತು, ಮದುವೆಯಾಗಿ ಹೋದಳು. ಕಾಯಲು ಹೋದವಳು ಒಳಗೇ ಉಳಿದೆ. ಪರೀಕ್ಷೆಯೂ ಪಾಸಾಯಿತು. ಅದಕ್ಕೂ ಕೈ ಮುಗಿದೆ, ಆದರೆ ಆಗ ಕೈಯಲ್ಲಿ ಏನೂ ಇರಲಿಲ್ಲ.

ಕಂಪನಿ ಎಂದರೆ ಸಕ್ಕರೆಯದು. ಅಂಕಲಿಯ ಆಚೆ, ಕಬ್ಬಿನ ನಡುವೆ. ಒಂದಲ್ಲ, ನಾಲ್ಕಾರು ಊರಲ್ಲಿ ಕಾರ್ಖಾನೆ ಇದ್ದ ದೊಡ್ಡ ಕಂಪನಿ. ಅದರ ಚಿಮಣಿಯ ಹೊಗೆ ನಮ್ಮ ಅಂಗಳದಿಂದ ಕಾಣುತ್ತಿತ್ತು. ಹೊಗೆ ಯಾವ ಕಡೆ ಬಾಗಿದೆ ಎಂದು ನೋಡಿ ಹಪ್ಪಳ ಒಣಗಲು ಹಾಕುವುದಕ್ಕಿಂತ ಹೆಚ್ಚಿನ ಸಂಬಂಧ ನನಗೂ ಅದಕ್ಕೂ ಅಲ್ಲಿಯವರೆಗೆ ಇರಲಿಲ್ಲ.

ಮೊದಲ ದಿನ ಕೇನ್ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಐಟಿಐಯಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಇಲ್ಲಿ ಎಲ್ಲರೂ ಬೂಟು ಹಾಕಿಕೊಂಡೇ ಕೂತಿದ್ದರು. ಬರಿಗಾಲಿನ ನನ್ನನ್ನು ನೋಡಿ ಒಬ್ಬರು ಕಸಬರಿಗೆ ಇರುವ ಮೂಲೆಯನ್ನು ತೋರಿಸಿದರು. ಅವರ ತಪ್ಪಲ್ಲ. ನಾನೂ ಸುಮ್ಮನೆ ಇರಬಹುದಿತ್ತು, ಆದರೆ ಅಷ್ಟು ದೊಡ್ಡವರು ಹೇಳಿದ ಮೇಲೆ ಇಲ್ಲವೆನ್ನುವುದು ಹೇಗೆ ಎಂದು ಆ ಕೋಣೆಯನ್ನು ಗುಡಿಸಿಯೇ ನನ್ನ ಆರ್ಡರ್ ತೋರಿಸಿದೆ. ಕೊಟ್ಟ ಕಂಪ್ಯೂಟರಿಗೆ ಕುಂಕುಮ ಹಚ್ಚಿದೆ. ಕುರ್ಚಿಗೆ ಗಾಲಿ ಇರುವುದು ಗೊತ್ತಿರದೆ ಕೂಡಲು ಹೋಗಿ ಅದನ್ನು ಗೋಡೆಯವರೆಗೆ ಕಳಿಸಿ ನಾನು ನೆಲಕ್ಕೆ ಬಂದೆ. ಕೇನ್ ಸಾಹೇಬರು, ಅಂದರೆ ರೈತರ ಕಬ್ಬು ಬರುವ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ, ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದರಂತೆ. ನಗಲಿಲ್ಲ. ಅದು ಅವರ ದೊಡ್ಡತನ.

ಕಬ್ಬಿನ ಹಂಗಾಮು ಶುರುವಾಯಿತು. ಯಾರ್ಡಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ಸಾಲು ಹಿಡಿದವು. ಒಳಗೆ ಬಂದವರಿಗೆ ಟೋಕನ್. ಸರದಿ ಬಂದಾಗ ಮೈಕಿನಲ್ಲಿ ಕೂಗಿ ಕರೆಯಬೇಕು, ಅವರು ಕಾಟಾದ ಮೇಲೆ ಬಂದು ತೂಕ ಮಾಡಿಸಬೇಕು. ನಂಬರು ಮಾತ್ರ ಕೂಗಿದರೆ ಸಾಲದು. ಟೋಕನ್ ಅದಲು ಬದಲು ಮಾಡಿಕೊಂಡು ನುಗ್ಗುವವರು ಇರುತ್ತಾರೆ. ಅದಕ್ಕೆ ನಂಬರು, ರೈತನ ಹೆಸರು, ಊರು, ಮೂರೂ ಬೇಕು. ಕೂಗುತ್ತಿದ್ದವನ ಗಂಟಲು ಕಟ್ಟಿತು. ಆಫೀಸಿನ ಕಿಟಕಿಯಿಂದ ಒಮ್ಮೆ ನಾನು, ನೀರಿನ ಟ್ಯಾಂಕಿನ ಹತ್ತಿರ ಹೋಗುತ್ತಿದ್ದ ಸಿಪಾಯಿಯನ್ನು ಕರೆದದ್ದು ಸಾಹೇಬರ ಕಿವಿಗೆ ಬಿದ್ದಿತ್ತು. ಎಮ್ಮೆಗಳನ್ನು ಕರೆದು ಕರೆದು ಆದ ದನಿ ನನ್ನದು.

“ನಿಮಗ ಮೈಕ್ ಬೇಕಾಗಿಲ್ಲ,” ಎಂದರು ಸಾಹೇಬರು. “ಆದ್ರೂ ಕೊಡತೀವಿ. ಕಾಟಾದ ಕೋಣಿಗಿ ಹೋಗ್ರಿ.”

ಯಾರ್ಡಿನಲ್ಲಿ ತಲೆಗೆ ಹಳದಿ ಹೆಲ್ಮೆಟ್ ಕಡ್ಡಾಯ. ಹಿರಿಯರ ಎದುರು ಸೆರಗು ಕಡ್ಡಾಯ. ಎರಡನ್ನೂ ಬಿಡಲಾರದೆ ಸೆರಗಿನ ಮೇಲೆ ಹೆಲ್ಮೆಟ್ ಇಟ್ಟೆ. ಕನ್ನಡಿಯಲ್ಲಿ ನೋಡಿಕೊಂಡಾಗ, ತಲೆಯ ಮೇಲೆ ಕುಂಬಳಕಾಯಿ ಹೊತ್ತು ಹರಕೆ ತೀರಿಸಲು ಹೊರಟವಳಂತೆ ಕಂಡೆ. ಆದರೂ ಆ ಕೋಣೆ ನನಗೆ ಹಿಡಿಸಿತು. ಕಾಟಾದ ಕ್ಲಾರ್ಕು, ಕನ್ನಡಕದ ವಯಸ್ಸಾದ ಮನುಷ್ಯ, ಒಂದು ಪಕ್ಕ. ಮೈಕು ಹಿಡಿದು ನಾನು ಇನ್ನೊಂದು ಪಕ್ಕ. ನಾನು ಕರೆದರೆ ಅಷ್ಟು ದೊಡ್ಡ ಟ್ರ್ಯಾಕ್ಟರುಗಳು ಬರುತ್ತವೆ, ಕರೆಯದಿದ್ದರೆ ನಿಲ್ಲುತ್ತವೆ. ಮನೆಯಲ್ಲಿ ಊಟಕ್ಕೆ ಕರೆದರೆ ಬೆಕ್ಕು ಕೂಡ ಒಂದೇ ಸಲಕ್ಕೆ ಬಂದದ್ದಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ಹೆಸರು ಬಂತು.

ಆ ಹೆಸರು ನಮ್ಮ ಮನೆಯವರದು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನಗೆ ಕಲಿಸಿದ್ದರು. ನನ್ನ ಪೇಚು ಇನ್ನೂ ದೊಡ್ಡದು. ಅವರದು ಮನೆದೇವರ ಹೆಸರು. ಮದುವೆಯಾದಾಗಿನಿಂದ ನಾನು ಪೂಜೆಯಲ್ಲೂ ದೇವರನ್ನು ಹೆಸರು ಹಿಡಿದು ಕರೆದವಳಲ್ಲ. ಭಜನೆಯಲ್ಲಿ ಆ ಹೆಸರು ಬರುವ ಜಾಗಕ್ಕೆ ತಾಳವನ್ನು ಜೋರಾಗಿ ಬಾರಿಸಿಬಿಡುತ್ತೇನೆ. ನನ್ನ ಭಕ್ತಿ ಉಕ್ಕಿ ಬಂತೆಂದು ಪಕ್ಕದವರು ತಿಳಿದುಕೊಳ್ಳುತ್ತಾರೆ. ಆ ದೇವರು ನಮ್ಮ ಸುತ್ತಲಿನ ಹತ್ತೂರಿಗೂ ಮನೆದೇವರು. ಹಾಗಾಗಿ ಓಣಿಗೆ ನಾಲ್ವರಿಗೆ ಅದೇ ಹೆಸರು, ಮತ್ತು ಅವರೆಲ್ಲರೂ ಕಬ್ಬು ಬೆಳೆದಿದ್ದರು.

ಪರದೆಯ ಮೇಲೆ ಆ ಹೆಸರು ಕಂಡೊಡನೆ ನನಗೆ ಕೆಮ್ಮು ಬಂತು. ನಂಬರು ಹೇಳಿದೆ, ಕೆಮ್ಮಿದೆ, ಊರು ಹೇಳಿದೆ. ಟ್ರ್ಯಾಕ್ಟರು ಬಂತು. ಇಷ್ಟೇ ತಾನೇ ಎಂದುಕೊಂಡೆ. ಮರುದಿನ ಕೆಮ್ಮುವ ಬದಲು ಮೈಕಿನ ತಲೆಯನ್ನು ಉಗುರಿನಿಂದ ಕೆರೆದೆ, ಕರಕರ ಎಂದಿತು. ಯಾರ್ಡಿನವರು ಮೈಕು ಕೆಟ್ಟಿದೆ ಎಂದು ದೂರು ಕೊಟ್ಟರು. ಎಲೆಕ್ಟ್ರಿಷಿಯನ್ ಬಂದು ವೈರು ಬದಲಿಸಿ ಹೋದ. ಮತ್ತೆ ಕೆಟ್ಟಿತು. ಮೈಕನ್ನೇ ಬದಲಿಸಿದ. ಹೊಸ ಮೈಕಿನಲ್ಲಿ ಕರಕರ ಇನ್ನೂ ಚೆನ್ನಾಗಿ ಕೇಳತೊಡಗಿತು. ಪಾಪ, ಅವನು ಕಂಬ ಹತ್ತಿ ಲೌಡ್‌ಸ್ಪೀಕರಿನ ಭೋಂಗಾ ಬಿಚ್ಚಿ ನೋಡುತ್ತಿದ್ದಾಗ ನಾನು ಕಿಟಕಿಯಿಂದ ಅವನಿಗಾಗಿ ದೇವರನ್ನು ಬೇಡಿಕೊಂಡೆ. ಬಿದ್ದರೆ ಆ ಪಾಪವೂ ನನ್ನ ತಲೆಗೇ.

ಕಾಟಾದ ಕ್ಲಾರ್ಕು ಕನ್ನಡಕ ಒರೆಸಿಕೊಂಡು ಒಂದು ದಿನ ಹೇಳಿದರು: “ಅಕ್ಕಾರ, ಈ ಮೈಕ್ ಭಾಳ ಶಾಣ್ಯಾ ಐತಿ ನೋಡ್ರಿ. ಒಂದ ಹೆಸರಿಗಷ್ಟ ಕೆಡತೈತಿ.”

ಸುಳ್ಳು ಹೇಳುವ ಧೈರ್ಯ ಆಗಲಿಲ್ಲ. ಅವರೊಬ್ಬರಿಗೇ ಗುಟ್ಟಾಗಿ ಹೇಳಿದೆ. ಸಂಜೆಯೊಳಗೆ ಅದು ಯಾರ್ಡಿನ ಕೊನೆಯ ಟ್ರಾಲಿಯವರೆಗೆ ಮುಟ್ಟಿತ್ತು. ಗಡಿಯಾಚೆಯಿಂದ ಬಂದ ಮರಾಠಿ ಡ್ರೈವರುಗಳು ನನ್ನನ್ನು ವಹಿನೀ ಎಂದು ಕರೆಯುತ್ತಿದ್ದವರು, ಮುಂದೆ ಕಿಟಕಿ ದಾಟುವಾಗೆಲ್ಲ, “ನಾವ ಘ್ಯಾ ಕೀ ವಹಿನೀ,” ಹೆಸರು ಹೇಳ್ರಿ ಅತ್ತಿಗಿ, ಎಂದು ಕಾಡುತ್ತಿದ್ದರು. ಗುಟ್ಟು ಹೊರಬಿದ್ದದ್ದೂ ಒಳ್ಳೆಯದೇ ಆಯಿತೆಂದು ನನಗೆ ಅನಿಸಿತು. ಇನ್ನು ಕೆಮ್ಮುವ ಕೆಲಸವಿಲ್ಲ. “ನಮ್ಮ ಮನಿಯವರ ಹೆಸರಿನವರು, ಬರ್ರಿ,” ಎಂದು ಮೈಕಿನಲ್ಲಿ ಸಲೀಸಾಗಿ ಕೂಗತೊಡಗಿದೆ. ಎಲ್ಲರಿಗೂ ಅರ್ಥವಾಗುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಸಂಕ್ರಾಂತಿ ಆದ ಮೇಲೆ ಕಬ್ಬು ದಟ್ಟವಾಗಿ ಬರತೊಡಗಿತು. ಅವತ್ತು ಬೆಳಿಗ್ಗೆ ಸಾಲು ಗೇಟು ದಾಟಿ ರಸ್ತೆಗೆ ಇಳಿದಿತ್ತು. ನಾನು ನಂಬರು ಹೇಳಿ, “ನಮ್ಮ ಮನಿಯವರ ಹೆಸರಿನವರು” ಎಂದು ಕೂಗಿದೆ. ಊರು ಹೇಳುವಷ್ಟರಲ್ಲಿ ಇಂಜಿನ್‌ಗಳ ಸದ್ದು ಶುರುವಾಗಿತ್ತು. ಒಂದಲ್ಲ, ಐದು ಟ್ರ್ಯಾಕ್ಟರುಗಳು ಒಟ್ಟಿಗೇ ಹೊರಟವು. ಐದು ಊರಿನ ಐವರು, ಐವರದೂ ಅದೇ ಹೆಸರು. ಗದ್ದಲದಲ್ಲಿ ನಂಬರು ಯಾರಿಗೂ ಕೇಳಿರಲಿಲ್ಲ, ಪ್ರತಿಯೊಬ್ಬನೂ ತನ್ನನ್ನೇ ಕರೆದರೆಂದು ತಿಳಿದಿದ್ದ, ಹಿಂದೆ ಸರಿಯಲು ಒಬ್ಬನೂ ತಯಾರಿಲ್ಲ. ಕಾಟಾದ ಬಾಯಿಯಲ್ಲಿ ಟ್ರಾಲಿಗೆ ಟ್ರಾಲಿ ಸಿಕ್ಕಿಕೊಂಡಿತು. ಒಂದು ಟ್ರಾಲಿಯ ಗಾಲಿ ಚರಂಡಿಗೆ ಇಳಿದು, ಕಬ್ಬಿನ ಹೊರೆ ಮೆಲ್ಲಗೆ, ಪೂಜೆಗೆ ಬಾಗಿದಂತೆ, ನೆಲಕ್ಕೆ ಒರಗಿತು. ಎತ್ತಿ ಸರಿಮಾಡುವಷ್ಟರಲ್ಲಿ ಒಳಗೆ ಮಿಲ್ಲಿಗೆ ಕಬ್ಬು ಸಾಲದೆ ಅದು ನಿಂತಿತು. ಹಂಗಾಮಿನಲ್ಲಿ ಮಿಲ್ಲು ನಿಲ್ಲುವುದೆಂದರೆ ಮದುವೆ ಊಟದ ನಡುವೆ ಒಲೆ ಆರಿದಂತೆ.

ಸಾಹೇಬರು ಕರೆಸಿದರು. ಬೈಯುತ್ತಾರೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಅಕ್ಕಾರ, ನಿಮ್ಮ ಭಕ್ತಿ ನನಗ ತಿಳಿತೈತಿ. ಮಿಲ್ಲಿಗಿ ತಿಳಿಯಂಗಿಲ್ಲ,” ಎಂದರು. “ನಾಳಿಂದ ನಂಬರ, ಹೆಸರ, ಊರ. ನಿಮಗ ಆಗಂಗಿಲ್ಲಂದ್ರ ಹೇಳ್ರಿ, ಬ್ಯಾರೇದವರನ್ನ ಕೂಡಸ್ತೀನಿ. ಆದ್ರ ಕೊಟ್ಟ ಕೆಲಸಾ ಮಾಡಲಿಲ್ಲ ಅಂದಮ್ಯಾಲ ನಿಮ್ಮ ವರ್ಷಕ್ಕ ನನಗ ಸಹಿ ಹಾಕಾಕ ಬರಂಗಿಲ್ಲ.”

ಅವರ ಸಹಿ ಇಲ್ಲದೆ ವರ್ಷ ಪೂರ್ತಿಯಾಗುವುದಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಅಳು ಬಂತು. ಈ ವಯಸ್ಸಿನಲ್ಲಿ ಪಾಟಿಚೀಲ ಹೊತ್ತಳೆಂದು ಓಣಿಯವರು ಮೊದಲೇ ಆಡಿಕೊಂಡಿದ್ದರು, ಅದಕ್ಕಲ್ಲ. ಸಂಜೆ ಹೊರಡುವಾಗ ಕಾಟಾದ ಕ್ಲಾರ್ಕು ದಿನವೂ, ನಾಳೆ ಬರ್ತೀರಲ್ಲ ಅಕ್ಕಾರ, ಎಂದು ಕೇಳುತ್ತಿದ್ದರು. ನಾನು ಬರದಿದ್ದರೆ ನಡೆಯುವುದಿಲ್ಲ ಎಂಬಂಥ ಮಾತನ್ನು ಮನೆಯ ಹೊರಗೆ ಯಾರೂ ನನಗೆ ಹಿಂದೆ ಹೇಳಿರಲಿಲ್ಲ. ಅದು ಹೋಗುತ್ತದಲ್ಲ ಎಂದು ಅಳು. ಹಾಗೆಂದು ಹೆಸರು ಹೇಳಲೇ? ಅವರ ಆಯುಷ್ಯವನ್ನು ಕೊಟ್ಟು ಸಹಿ ತರಲೇ?

ಅತ್ತೆಯವರು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಮನೆಯವರು ಎದುರಿಗೆ. ನಡೆದದ್ದನ್ನೆಲ್ಲ ಹೇಳಿದೆ. ಐದು ಟ್ರ್ಯಾಕ್ಟರಿನ ಮಾತಿಗೆ ಬಂದಾಗ ಮನೆಯವರು ನಗು ತಡೆಯಲಾರದೆ ಎದ್ದು ಹೊರಗೆ ಹೋಗಿ, ನಕ್ಕು ಮುಗಿಸಿ, ಮುಖ ತೊಳೆದು ಒಳಗೆ ಬಂದರು.

“ಹೇಳಿಬಿಡ,” ಎಂದರು. “ನನ್ನ ಆಯುಷ್ಯ ನಿನ್ನ ನಾಲಿಗಿ ಮ್ಯಾಲ ಇಲ್ಲ.”

“ಹಾಂಗ ಬಿಟ್ಟಿ ಹೇಳಾಕ ಬರಂಗಿಲ್ಲಪಾ,” ಎಂದರು ಅತ್ತೆಯವರು ಮಗನಿಗೆ. ನನ್ನ ಕಡೆ ತಿರುಗಿ, “ಒಡಪ ಹಾಕಿ ಹೇಳವಾ. ಒಡಪಿನಾಗ ದೋಷಿಲ್ಲ,” ಎಂದರು.

ಇದು ನನಗೆ ಹೊಳೆದೇ ಇರಲಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಕಾಡಿದಾಗ ಪ್ರಾಸ ಕಟ್ಟಿದ ಎರಡು ಸಾಲು ಹೇಳಿ ಅದರ ಕೊನೆಗೆ ಗಂಡನ ಹೆಸರನ್ನು ಸೇರಿಸುತ್ತೇವಲ್ಲ, ಅದಕ್ಕೆ ಯಾರೂ ತಪ್ಪು ಎಣಿಸುವುದಿಲ್ಲ. ಮೂವರೂ ಕೂಡಿ ಕಟ್ಟಿದೆವು. ಕೊನೆಯ ಪ್ರಾಸ ಮನೆಯವರೇ ಕೊಟ್ಟರು. ಕೊಟ್ಟ ಮೇಲೆ ತಾವೇ ನಾಚಿಕೊಂಡರು.

ಮರುದಿನ ಹೆಲ್ಮೆಟ್ ಸರಿಮಾಡಿಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಆ ಹೆಸರು ಬಂತು, ಊರು ಕಬ್ಬೂರು. ನಂಬರು ಹೇಳಿದೆ, ಉಸಿರು ತೆಗೆದುಕೊಂಡೆ, ಯಾರ್ಡಿಗೆಲ್ಲ ಕೇಳುವಂತೆ ಹೇಳಿದೆ:

“ಅರದಷ್ಟೂ ಸಿಹಿ ಕೊಡತೈತಿ ಹೊಲದಾಗಿನ ಕಬ್ಬ,
ಇವರ ಹೆಸರ ಹೇಳಿದ ದಿನಾ ನಮ್ಮ ಮನ್ಯಾಗ ಹಬ್ಬ.”

ಅದರ ಬೆನ್ನಿಗೇ ಹೆಸರು. ಹದಿನೇಳು ಹದಿನೆಂಟು ವರ್ಷಗಳ ಹಿಂದೆ ಮದುವೆಯ ಹಂದರದಲ್ಲಿ ಹೇಳಿದ ಮೇಲೆ ಅದೇ ಮೊದಲು. ಯಾರ್ಡಿನ ತುಂಬ ಚಪ್ಪಾಳೆ, ಸಿಳ್ಳೆ, ಟ್ರ್ಯಾಕ್ಟರುಗಳ ಹಾರ್ನು. ನನ್ನ ಎದೆ ಉಬ್ಬಿತು. ನಿಯಮವೂ ಉಳಿಯಿತು, ಸಾಹೇಬರ ಮಾತೂ ಉಳಿಯಿತು.

ಕಾಟಾದ ಮೇಲೆ ಟ್ರ್ಯಾಕ್ಟರು ಬಂದು ನಿಂತಿತು. ಅದರಿಂದ ಬಿಳಿ ರುಮಾಲಿನ, ಹಲ್ಲಿಲ್ಲದ ಒಬ್ಬ ಮುದುಕಪ್ಪ ಇಳಿದು, ಕಿಟಕಿಯ ಹತ್ತಿರ ಬಂದು, ಎರಡೂ ಕೈ ಜೋಡಿಸಿದ.

“ತಂಗೀ,” ಎಂದ, “ನಂಬರ ಅಷ್ಟ ಹೇಳಿದ್ರ ಬರ್ತಿದ್ನೆಲ್ಲವಾ. ಹಿಂದಿನ ಟ್ರಾಲಿ ಮ್ಯಾಲ ನಮ್ಮ ಊರವರ ಅದಾರ. ಈಗ ಇವರು ಹೋಗಿ ನಮ್ಮ ಮುದಕಿಗಿ ಹೇಳ್ತಾರ.”

ಆಗ ನನ್ನ ತಲೆಗೆ ಬಂತು. ಒಡಪು ಹಾಕಿ ಹೆಸರು ಹೇಳಿದರೆ ಅವನು ನನ್ನ ಗಂಡ ಎಂದು ಅರ್ಥ. ನಾನು ಇಡೀ ಯಾರ್ಡಿನ ಎದುರು, ಭೋಂಗಾದಲ್ಲಿ, ಕಬ್ಬೂರಿನ ಮುದುಕಪ್ಪನನ್ನು ಗಂಡನೆಂದು ಸಾರಿದ್ದೆ. ಆಯುಷ್ಯ ಉಳಿಸಲು ಹೋಗಿ ಪತಿವ್ರತೆ ಮಾಡಿಕೊಂಡ ಕೆಲಸ ಇದು. ಸೆರಗನ್ನು ಹೆಲ್ಮೆಟ್ಟಿನ ಮೇಲಿಂದಲೇ ಮುಖಕ್ಕೆ ಎಳೆದುಕೊಳ್ಳಲು ನೋಡಿದೆ, ಎಟುಕಲಿಲ್ಲ. ಕಾಟಾದ ಕ್ಲಾರ್ಕು ತೂಕ ಬರೆದುಕೊಳ್ಳಲಾರದೆ ಮೇಜಿನ ಮೇಲೆ ತಲೆ ಇಟ್ಟು ಅಲುಗುತ್ತಿದ್ದರು. ಸಾಹೇಬರು ಸಿಪಾಯಿಯ ಕೈಯಲ್ಲಿ ಒಂದೇ ಮಾತು ಹೇಳಿ ಕಳಿಸಿದರು: ಹಾಡು ಬೇಡ.

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಹೆಸರು, ಈ ಸಲ ಚಿಕ್ಕೋಡಿಯ ಹತ್ತಿರದ ಒಂದು ಹಳ್ಳಿ. ನಾನು ಪರದೆಯನ್ನು ನೋಡುತ್ತ ಕೂತೆ. ಒಡಪು ಹಾಕಿದರೆ ಇನ್ನೊಬ್ಬ ಗಂಡನಾಗುತ್ತಾನೆ. ಒಡಪಿಲ್ಲದೆ ಹೇಳಿದರೆ? ಆ ಹಳ್ಳಿಯವನು ನನಗೆ ಏನೂ ಆಗಬೇಕಾದವನಲ್ಲ. ಅವನ ಹೆಸರು ಅವನದು, ಅವನ ತಾಯಿ ಇಟ್ಟದ್ದು. ಅದನ್ನು ಅವನ ಹೆಸರೆಂದು ಹೇಳಿದರೆ ನಮ್ಮವರ ಆಯುಷ್ಯಕ್ಕೇಕೆ ತಗಲುತ್ತದೆ? ಈ ಲೆಕ್ಕ ಶಾಸ್ತ್ರಕ್ಕೆ ಸರಿಯೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರನ್ನೂ ಕೇಳಲೂ ಇಲ್ಲ. ಕಣ್ಣು ಮುಚ್ಚಿ ಮೂರನ್ನೂ ಹೇಳಿಬಿಟ್ಟೆ. ನಂಬರು, ಹೆಸರು, ಊರು. ಒಂದೇ ಟ್ರ್ಯಾಕ್ಟರು ಬಂತು. ಉಳಿದವರಿಗೆ ಬೇಸರವಾದದ್ದು ಕಾಣುತ್ತಿತ್ತು, ಅವರು ಒಡಪಿಗೆ ಕಾದಿದ್ದರು.

ಸಂಜೆ ಮನೆಗೆ ಬಂದು ಮನೆಯವರ ಮುಖವನ್ನು ಬಾಗಿಲಿನಿಂದಲೇ ನೋಡಿದೆ. ಎಂದಿನಂತೆ ಇದ್ದರು. ಹೀಗೆಯೇ ದಿನಗಳು ನಡೆದವು. ಆ ಊರಿನವನು, ಈ ಊರಿನವನು ಎಂದು ಮನಸ್ಸಿನಲ್ಲಿ ಊರನ್ನು ಗಟ್ಟಿಯಾಗಿ ಹಿಡಿದುಕೊಂಡು ಹೆಸರು ಹೇಳುತ್ತಿದ್ದೆ. ಮೈಕು ಮತ್ತೆ ಕೆಡಲಿಲ್ಲ. ಎಲೆಕ್ಟ್ರಿಷಿಯನ್ ತಾನು ಕೊನೆಗೂ ಸರಿಮಾಡಿದೆನೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ನಾನು ಅಡ್ಡಿ ಮಾಡಲಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದವಳು ಒಂದನ್ನು ಮರೆತಿದ್ದೆ. ನಮ್ಮ ಹೊಲದಲ್ಲೂ ಕಬ್ಬಿತ್ತು. ಅದು ಅದೇ ಕಂಪನಿಗೆ ಬರಬೇಕಾದದ್ದು.

ಶಿವರಾತ್ರಿಯ ಹಿಂದಿನ ವಾರ ನಮ್ಮ ಕಬ್ಬು ಕಡಿದರು. ಟ್ರ್ಯಾಕ್ಟರಿನ ಜೊತೆ ಮನೆಯವರೂ ಬಂದು ಸಾಲಿನಲ್ಲಿ ನಿಂತರು. ನಾನೇ ಬೆಳಿಗ್ಗೆ ಕಟ್ಟಿಕೊಟ್ಟ ರೊಟ್ಟಿಯನ್ನು ಟ್ರಾಲಿಯ ನೆರಳಿನಲ್ಲಿ ಕೂತು ತಿನ್ನುವುದು ಕಿಟಕಿಯಿಂದ ಕಾಣುತ್ತಿತ್ತು. ಡ್ರೈವರುಗಳಿಗೆ ಯಾರು ಹೇಳಿದರೋ, ಸರದಿ ಹತ್ತಿರ ಬಂದಂತೆ ಅವರೆಲ್ಲ ಕಿಟಕಿಯ ಕಡೆಗೇ ಮುಖ ಮಾಡಿ ನಿಂತರು. ಯಾವತ್ತೂ ಕಾಟಾದ ಕೋಣೆಗೆ ಬಾರದ ಸಾಹೇಬರು ಅವತ್ತು ಏನೋ ನೆಪ ಮಾಡಿಕೊಂಡು ಬಂದು ಬಾಗಿಲಿಗೆ ಒರಗಿದರು.

ಪರದೆಯ ಮೇಲೆ ನಂಬರು ಬಂತು. ಹೆಸರು ಬಂತು. ಊರು ನಮ್ಮದೇ.

ಇಲ್ಲಿ ನನ್ನ ಲೆಕ್ಕ ನಡೆಯುವಂತಿರಲಿಲ್ಲ. ಈ ಹೆಸರು ಬೇರೆಯವನದಲ್ಲ. ಒಡಪು ಸಲ್ಲುವುದಿದ್ದರೆ ಇವರೊಬ್ಬರಿಗೇ ಸಲ್ಲಬೇಕು, ಅದನ್ನೋ ಸಾಹೇಬರು ಮುಚ್ಚಿಸಿದ್ದರು. ಸಾಹೇಬರ ಮುಖ ನೋಡಿದೆ. ಅವರು ಹೊರಗಿನ ಚಿಮಣಿಯನ್ನು ಹಿಂದೆಂದೂ ಕಂಡೇ ಇಲ್ಲವೆಂಬಂತೆ ನೋಡುತ್ತಿದ್ದರು. ಕ್ಲಾರ್ಕು ಕೀಲಿಮಣೆಯಿಂದ ಕೈ ತೆಗೆದಿದ್ದರು. ಕೆಮ್ಮಲೂ ಬಹುದಿತ್ತು. ಕೆಮ್ಮಿದರೆ ವರ್ಷ ಹೋಯಿತು. ದೇವರೇ, ಈ ವರ್ಷ ಕೊಟ್ಟವನು ನೀನು, ಇವರ ಆಯುಷ್ಯ ಕೊಟ್ಟವನೂ ನೀನು, ಎರಡನ್ನೂ ತಂದು ನನ್ನ ಒಂದು ಬಾಯಿಗೇ ಯಾಕೆ ಕಟ್ಟಿದೆ ಎಂದು ಮನಸ್ಸಿನಲ್ಲಿ ಕೇಳಿದೆ.

ನಂಬರು ಹೇಳಿದೆ. ಹೆಸರು ಹೇಳಿದೆ. ಊರು ಹೇಳಿದೆ. ಮೂರೂ ಬಂದವು, ಬರಬೇಕಾದ ಸಾಲಿನಲ್ಲೇ ಬಂದವು.

ಮನೆಯವರು ಎದ್ದರು. ಕ್ಯಾಪು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಿಟಕಿಯ ಕೆಳಗೆ ಬಂದು, ಶಾಲೆಯ ಹುಡುಗನಂತೆ ನೆಟ್ಟಗೆ ನಿಂತರು.

“ಹಾಜರ್ ಅದೀನ್ರಿ,” ಎಂದರು.

ಏ ಇವಳ, ಕೇಳಿಲ್ಲಿ, ಎಂಬುದನ್ನು ಬಿಟ್ಟರೆ ಅವರು ನನ್ನನ್ನು ಕರೆದ ಬೇರೆ ರೀತಿ ನನಗೆ ಗೊತ್ತಿಲ್ಲ. ರೀ ಹಚ್ಚಿ ಮಾತಾಡಿದ್ದು ಅದೊಂದೇ ಸಲ, ಆಮೇಲೆ ಮನೆಯಲ್ಲಿ ಎಷ್ಟು ಕಾಡಿದರೂ ಇನ್ನೊಮ್ಮೆ ಹೇಳಲಿಲ್ಲ. ಸಾಲಿನಲ್ಲಿದ್ದ ಒಬ್ಬ ಮರಾಠಿ ಡ್ರೈವರು, “ಶೇವಟೀ ನಾವ ಘೇತಲಂತ, ವಹಿನೀ,” ಕೊನೆಗೂ ಹೆಸರು ಹೇಳಿದಿರಿ, ಎಂದು ಸ್ಟೀರಿಂಗ್ ಬಡಿದ. ಸಾಹೇಬರು ಚಿಮಣಿ ನೋಡುವುದನ್ನು ಮುಗಿಸಿ, “ಮುಂದಿಂದ ಕರೀರಿ ಅಕ್ಕಾರ, ಸಾಲ ನಿಂತೈತಿ,” ಎಂದು ಹೊರಟರು.

ಧೈರ್ಯವೆಲ್ಲ ಯಾರ್ಡಿನಲ್ಲೇ ಮುಗಿಯಿತು. ಮನೆಗೆ ಬಂದ ಮೇಲೆ ನಾನು ಅವರನ್ನು ಕಣ್ಣಿಟ್ಟು ಕಾಯತೊಡಗಿದೆ. ಅವರು ಮೆಟ್ಟಿಲು ಇಳಿದರೆ ಹಿಂದೆ ಹೋದೆ. ದನದ ಹಗ್ಗ ಬಿಚ್ಚಲು ಹೋದರೆ, ಬೇಡ, ನಾನು ಬಿಚ್ಚುತ್ತೇನೆ, ಅದು ಹಾಯುತ್ತದೆ ಎಂದೆ. ಹುಟ್ಟಿದಾಗಿನಿಂದ ಯಾರನ್ನೂ ಹಾಯದ ಎಮ್ಮೆ ಅದು. ಕಬ್ಬಿನ ಧೂಳಿಗೆ ಅವರೊಮ್ಮೆ ಸೀನಿದರು. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಶುಂಠಿ ಮೆಣಸಿನ ಕಷಾಯ ಕಾಯಿಸಿ, ಲೋಟ ಹಿಡಿದು ಅವರ ಎದುರು ನಿಂತೆ. ಅವರು ಅದನ್ನು ಕುಡಿದು ರೊಟ್ಟಿ ಕೇಳಿದರು. ಹಾಕಿದ್ದನ್ನು ತಿಂದು ಮತ್ತೆ ಕೇಳಿದರು. ಆಯುಷ್ಯ ತೀರಿದವರು ಬದನೆಕಾಯಿ ಪಲ್ಯ ಇನ್ನೂ ಇದೆಯೇ ಎಂದು ವಿಚಾರಿಸಲಿಕ್ಕಿಲ್ಲ ಎಂದುಕೊಂಡರೂ ಕಷಾಯದ ಪಾತ್ರೆಯನ್ನು ಒಲೆಯಿಂದ ಇಳಿಸಲಿಲ್ಲ.

ಅತ್ತೆಯವರು ಇದನ್ನೆಲ್ಲ ಗೋಡೆಗೆ ಒರಗಿ ಕೂತು ನೋಡುತ್ತಿದ್ದರು. ನಾನು ಹೇಳದಿದ್ದರೂ ಅವರಿಗೆ ತಿಳಿದಿತ್ತು.

“ಹೇಳಿದೇನು?” ಎಂದರು.

“ಹೇಳಿದೆರಿ ಅತ್ತಿ. ಒಡಪಿಲ್ಲದ.”

ಅವರು ತಮ್ಮ ಬಳೆಯಿಲ್ಲದ ಕೈಗಳನ್ನು ನೋಡಿಕೊಂಡರು. ಮಾವನವರು ಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು, ನಡುವಯಸ್ಸಿನಲ್ಲೇ ಹೋದವರು.

“ನಾ ಒಮ್ಮೆನೂ ಅವರ ಹೆಸರ ಹೇಳಲಿಲ್ಲವಾ,” ಎಂದರು. “ಆದ್ರೂ ಹ್ವಾದ್ರು.”

ಅಷ್ಟು ಹೇಳಿ ಎದ್ದು ಹಾಸಿಗೆ ಹಾಸಿಕೊಳ್ಳಲು ಹೋದರು. ನಾನು ಕಷಾಯದ ಪಾತ್ರೆಯನ್ನು ಒಲೆಯಿಂದ ಇಳಿಸಿದೆ.

ಬೇಸಿಗೆಯಲ್ಲಿ ಮಿಲ್ಲು ಬಂದಾದ ಮೇಲೆ ಕೆಲಸ ಸಪ್ಪೆಯಾಯಿತು. ಮುಂದಿನ ಹಂಗಾಮಿಗೆ ಯಾರ ಹೊಲದಲ್ಲಿ ಎಷ್ಟು ಕಬ್ಬು ನಾಟಿಯಾಗಿದೆ ಎಂಬುದನ್ನು ಕಂಪ್ಯೂಟರಿಗೆ ತುಂಬುವುದು. ಫ್ಯಾನಿನ ಕೆಳಗೆ ಕೂತು ನಿದ್ದೆ ತಡೆಯುವುದೇ ದೊಡ್ಡ ಸಾಧನೆ. ಒಮ್ಮೆ ತಡೆಯಲಾಗದೆ, ಒಬ್ಬರ ಎರಡು ಎಕರೆಯನ್ನು ಇಪ್ಪತ್ತೆರಡು ಮಾಡಿದೆ. ಅವರಿಗೆ ಅಷ್ಟು ಹೊಲ ಬರಲಿ ಎಂದು ಹರಸಿ ತಿದ್ದಿದೆ. ಗಾಲಿಯ ಕುರ್ಚಿಯ ಮೇಲೆ ನೆಟ್ಟಗೆ ಕೂಡುವುದನ್ನು ಮಾತ್ರ ಆ ವರ್ಷ ಪೂರ್ತಿಯಾಗಿ ಕಲಿತೆ. ಚಪ್ಪಲಿಯನ್ನು ಕೊನೆಯ ದಿನದವರೆಗೂ ಬಾಗಿಲಲ್ಲೇ ಬಿಟ್ಟೆ. ನೋಡಿ ನೋಡಿ ಇನ್ನೂ ಇಬ್ಬರು ಬಿಡತೊಡಗಿದ್ದರು, ಗುಡಿಸುವವಳು ನನ್ನನ್ನು ಬಹಳ ಹೊಗಳಿದಳು.

ವರ್ಷ ತುಂಬಿದ ದಿನ ಸಾಹೇಬರು ಕಾಗದಕ್ಕೆ ಸಹಿ ಹಾಕಿದರು. ಹಂಗಾಮು ಶುರುವಾದರೆ ಮೈಕಿಗೆ ಜನ ಬೇಕು, ಮನೆಯಲ್ಲಿ ಕೇಳಿ ಬನ್ನಿ ಎಂದರು. ಕೈ ಮುಗಿದು ಬಂದೆ.

ಮನೆಯಲ್ಲಿ ಅತ್ತೆಯವರೊಬ್ಬರೇ ಇದ್ದರು. ಕಾಗದವನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದರು. ಓದು ಬಾರದು.

“ಇದರಾಗ ನಮ್ಮ ಹುಡುಗನ ಹೆಸರ ಐತೇನ?”

“ಐತ್ರಿ.” ಬೆರಳಿಟ್ಟು ತೋರಿಸಿದೆ. ನನ್ನ ಹೆಸರಿನ ಮುಂದೆ, ಇಂಥವರ ಹೆಂಡತಿ ಎಂದು ಬರೆದಿದ್ದರು.

“ಓದಿ ಹೇಳ.”

ಭೋಂಗಾ ಇರಲಿಲ್ಲ, ಟ್ರ್ಯಾಕ್ಟರಿನ ಸದ್ದಿರಲಿಲ್ಲ, ಸಾಲಿನಲ್ಲಿ ಕಾಯುವವರೂ ಇರಲಿಲ್ಲ. ಅವರ ಹೆತ್ತ ತಾಯಿಯ ಎದುರು ನಿಂತು ಮೇಲಿನ ಸಾಲಿನಿಂದ ಓದತೊಡಗಿದೆ. ಆ ಹೆಸರು ಬಂದಲ್ಲಿ ದನಿ ಸಣ್ಣದಾಯಿತು, ನಿಲ್ಲಲಿಲ್ಲ. ಅತ್ತೆಯವರು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿ, ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು.

“ಕಂಪನಿಗಿ ಹೋಗ್ತೇನಿ ಅಂತ ಹೇಳವಾ ಅವಗ,” ಎಂದರು. “ಕೇಳಬ್ಯಾಡ.”

ಹೊರಗೆ ನಳದ ಬಾಯಿ ಸುಯ್ಯೆಂದು ಗಾಳಿ ಬಿಟ್ಟಿತು. ನೀರು ಬರುವ ದಿನ ಅದು, ಬಂದರೆ ಹೆಚ್ಚು ಹೊತ್ತು ಇರುವುದಿಲ್ಲ. ಕಾಗದವನ್ನು ದೇವರ ಗೂಡಿನಲ್ಲಿ ಇಟ್ಟು, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಕೊಡಗಳನ್ನು ತೊಳೆಯಲು ಹೋದೆ.